ಅಣೆಕಟ್ಟು ದಾಟಿಸಿ ಮೀನು ಸಾಗಿಸುವ ಕ್ರಮ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಹಳ್ಳಗಳಲ್ಲಿ ಹೊಸ ನೀರು ಹರಿಯತೊಡಗಿದಾಗ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲೇರಿ ಭತ್ತದ ಗದ್ದೆಗಳವರೆಗೂ ಬರುವುದನ್ನು ಮಲೆನಾಡಿನ ರೈತರು ಬಲ್ಲರು. ‘ಹತ್ತುಮೀನು’ ಎಂದು ಕರೆಯುವ ಇವು ಮೊಟ್ಟೆಯಿಡಲು ತಕ್ಕ ಜಾಗವನ್ನು ಹುಡುಕಿಕೊಂಡು ಬರುತ್ತವೆ. ದಾರಿಯಲ್ಲಿ ಒಡ್ಡು ಅಡ್ಡ ಬಂದರೆ ಅದರ ಬುಡದಲ್ಲಿ ಗುಂಪಾಗಿ ನಿಂತು ಮತ್ತೆ ಮತ್ತೆ ಹಾರಿ ನೋಡುತ್ತವೆ. ಹಾರಲಾಗದಿದ್ದರೆ ಅಲ್ಲಿಯೇ ಹಿಡಿಯುವವರ ಕೈಗೆ ಸಿಗುತ್ತವೆ.

ನಮ್ಮ ಹತ್ತುಮೀನಿನ ಪಯಣ ಚಿಕ್ಕದು. ಅಮೆರಿಕದ ವಾಯುವ್ಯ ಭಾಗದಲ್ಲಿರುವ ಸಾಲ್ಮನ್ ಮೀನುಗಳ ಪಯಣ ನೂರಾರು ಕಿಲೋಮೀಟರುಗಳದ್ದು. ಅವು ಸಮುದ್ರದಿಂದ ಬೆಟ್ಟದ ತೊರೆಗಳವರೆಗೆ ಏರಬೇಕು. ಅವುಗಳ ಮರಿಗಳು ಅದೇ ದಾರಿಯಲ್ಲಿ ಸಮುದ್ರಕ್ಕೆ ಇಳಿಯಬೇಕು. ಈ ದಾರಿಗೆ ದೊಡ್ಡ ಅಣೆಕಟ್ಟುಗಳು ಅಡ್ಡ ಬಂದ ಮೇಲೆ ಅಲ್ಲಿಯ ಜನ ಮೀನನ್ನು ಹಿಡಿದು, ಲಾರಿ ಮತ್ತು ದೋಣಿಗಳಲ್ಲಿ ತುಂಬಿ, ಅಣೆಕಟ್ಟು ದಾಟಿಸಿ ಬಿಡುವ ಏರ್ಪಾಡು ಮಾಡಿದರು. ಇದು ಹೇಗೆ ನಡೆಯುತ್ತದೆ, ಇದರಿಂದ ಆದ ಲಾಭವೆಷ್ಟು, ಅದನ್ನು ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಮೀನು ಸಾಕಣೆಯಲ್ಲಿ ತೊಡಗಿರುವ ನಮ್ಮ ರೈತರಿಗೂ ಇದರಿಂದ ಕಲಿಯಬೇಕಾದ ಕೆಲವು ಅಂಶಗಳಿವೆ.

ಮೀನಿನ ಜೀವನಕ್ರಮ

ಚಿನೂಕ್, ಸಾಕೈ, ಕೋಹೊ ಮುಂತಾದವು ಪೆಸಿಫಿಕ್ ಸಾಗರದ ಸಾಲ್ಮನ್ ಜಾತಿಗಳು. ಸ್ಟೀಲ್‌ಹೆಡ್ ಎಂಬುದು ರೈನ್‌ಬೋ ಟ್ರೌಟ್ ಮೀನಿನ ಒಂದು ಬಗೆ. ಸಾಮಾನ್ಯ ರೈನ್‌ಬೋ ಟ್ರೌಟ್ ತೊರೆಯಲ್ಲಿಯೇ ಇದ್ದುಬಿಡುತ್ತದೆ. ಸ್ಟೀಲ್‌ಹೆಡ್ ಸಮುದ್ರಕ್ಕೆ ಹೋಗಿ ಬೆಳೆದು ಮರಳಿ ಬರುತ್ತದೆ.

ಹೆಣ್ಣು ಮೀನು ಬೆಟ್ಟದ ತಣ್ಣನೆಯ ತೊರೆಗೆ ಬಂದು, ಜಲ್ಲಿಕಲ್ಲಿನ ತಳದಲ್ಲಿ ಬಾಲದಿಂದ ಗುಳಿ ತೋಡಿ, ಕೆಲವು ಸಾವಿರ ಮೊಟ್ಟೆಗಳನ್ನಿಡುತ್ತದೆ. ಸಾಕೈ ಮರಿಗಳು ಸಾಮಾನ್ಯವಾಗಿ ಸರೋವರದಲ್ಲಿಯೂ, ಉಳಿದವು ತೊರೆಗಳಲ್ಲಿಯೂ ಬೆಳೆಯುತ್ತವೆ. ಜಾತಿಗನುಗುಣವಾಗಿ ಕೆಲವು ತಿಂಗಳಿಂದ ಎರಡು ಮೂರು ವರ್ಷ ಸಿಹಿನೀರಿನಲ್ಲಿದ್ದ ಮೇಲೆ ಮರಿಗಳ ಮೈ ಬೆಳ್ಳಿಯಂತೆ ಹೊಳೆಯತೊಡಗುತ್ತದೆ. ಒಳಗೆ ಉಪ್ಪುನೀರನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆ. ಈ ಹಂತದ ಮರಿಗೆ ಸ್ಮೋಲ್ಟ್ ಎಂದು ಹೆಸರು. ಇದನ್ನು ನಾವು ‘ವಲಸೆ ಮರಿ’ ಎನ್ನಬಹುದು. ಹಿಮ ಕರಗಿ ನದಿ ತುಂಬಿ ಹರಿಯುವ ವಸಂತಕಾಲದಲ್ಲಿ ಇವು ಹೊಳೆಯ ಸೆಳೆತಕ್ಕೆ ಮೈಯೊಡ್ಡಿ ಸಮುದ್ರದ ಕಡೆ ಸಾಗುತ್ತವೆ. ಉಪ್ಪುನೀರಿಗೆ ಹೊಂದಿಕೊಳ್ಳುವ ಈ ಸ್ಥಿತಿ ಕೆಲವು ವಾರ ಮಾತ್ರ ಇರುವುದರಿಂದ ದಾರಿಯಲ್ಲಿ ತಡವಾಗಬಾರದು.

ಸಮುದ್ರದಲ್ಲಿ ಒಂದರಿಂದ ನಾಲ್ಕೈದು ವರ್ಷ ಬೆಳೆದ ಮೇಲೆ ಮೀನು ಮತ್ತೆ ತನ್ನ ನದಿಗೆ ಮರಳುತ್ತದೆ. ಇಳಿಯುವಾಗ ಮರಿಯ ನೆನಪಿನಲ್ಲಿ ಅಚ್ಚೊತ್ತಿದ ನೀರಿನ ವಾಸನೆಯೇ ನದಿಯೊಳಗೆ ಇದಕ್ಕೆ ದಾರಿ ತೋರಿಸುತ್ತದೆ. ನದಿಗೆ ಸೇರಿದ ಮೇಲೆ ಸಾಲ್ಮನ್ ಆಹಾರ ತಿನ್ನುವುದಿಲ್ಲ. ಮೈಯಲ್ಲಿರುವ ಕೊಬ್ಬಿನ ಬಲದಿಂದಲೇ ಮೇಲೇರಿ, ಮೊಟ್ಟೆಯಿಟ್ಟು ಸಾಯುತ್ತದೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕುಳಿದು ಇನ್ನೊಮ್ಮೆ ಬರುವುದುಂಟು.

ನದಿ ಮತ್ತು ಅಣೆಕಟ್ಟುಗಳು

ಕೊಲಂಬಿಯಾ ನದಿ ಕೆನಡಾದಲ್ಲಿ ಹುಟ್ಟಿ ಸುಮಾರು 2,000 ಕಿ.ಮೀ. ಹರಿದು ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಸ್ನೇಕ್ ಇದರ ದೊಡ್ಡ ಉಪನದಿ. 1850ಕ್ಕೆ ಹಿಂದೆ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ಗಳು ಈ ನದಿಗೆ ಮರಳುತ್ತಿದ್ದವೆಂದು ಅಂದಾಜು ಮಾಡಲಾಗಿದೆ. ನದಿಯ ದಡದ ಮೂಲನಿವಾಸಿಗಳಿಗೆ ಇದೇ ಆಹಾರ, ಇದೇ ವ್ಯಾಪಾರ, ಇದೇ ಹಬ್ಬ.

ಮಿತಿಮೀರಿದ ಮೀನುಗಾರಿಕೆಯಿಂದಲೂ, ತೊರೆಗಳು ಹಾಳಾದುದರಿಂದಲೂ ಈ ಸಂಖ್ಯೆ ಇಳಿಯುತ್ತಿದ್ದ ಕಾಲದಲ್ಲಿಯೇ ದೊಡ್ಡ ಅಣೆಕಟ್ಟುಗಳ ನಿರ್ಮಾಣ ಆರಂಭವಾಯಿತು. ಬಾನವಿಲ್ ಅಣೆಕಟ್ಟು 1938ರಲ್ಲಿ, ಗ್ರ್ಯಾಂಡ್ ಕೂಲಿ 1942ರಲ್ಲಿ ಸಿದ್ಧವಾದವು. ಸ್ನೇಕ್ ನದಿಯ ಕೆಳಭಾಗದಲ್ಲಿ ಐಸ್ ಹಾರ್ಬರ್, ಲೋಯರ್ ಮಾನ್ಯುಮೆಂಟಲ್, ಲಿಟಲ್ ಗೂಸ್, ಲೋಯರ್ ಗ್ರಾನಿಟ್ ಎಂಬ ನಾಲ್ಕು ಅಣೆಕಟ್ಟುಗಳು 1961ರಿಂದ 1975ರ ನಡುವೆ ಒಂದರ ಹಿಂದೊಂದು ಎದ್ದವು. ಹೀಗಾಗಿ ಐಡಹೊ ರಾಜ್ಯದ ಬೆಟ್ಟಗಳಿಂದ ಇಳಿಯುವ ಮರಿ ಸಮುದ್ರ ಮುಟ್ಟಲು ಎಂಟು ಅಣೆಕಟ್ಟುಗಳನ್ನು ದಾಟಬೇಕಾಯಿತು.

ಈ ಅಣೆಕಟ್ಟುಗಳಿಂದ ಬೇಸಾಯಗಾರರಿಗೆ ಆದ ಅನುಕೂಲ ಕಡಿಮೆಯದಲ್ಲ. ಗ್ರ್ಯಾಂಡ್ ಕೂಲಿಯ ನೀರು ಒಣಭೂಮಿಗೆ ಹರಿಯಿತು. ಸ್ನೇಕ್ ನದಿ ದೋಣಿ ಸಂಚಾರಕ್ಕೆ ತೆರೆಯಿತು. ಸಮುದ್ರದಿಂದ ಸುಮಾರು 750 ಕಿ.ಮೀ. ಒಳನಾಡಿನಲ್ಲಿರುವ ಲೂಯಿಸ್ಟನ್ ಪಟ್ಟಣ ಬಂದರಾಯಿತು. ಆ ಭಾಗದ ರೈತರ ಗೋಧಿ ದೋಣಿಗಳಲ್ಲಿ ಸಮುದ್ರಕ್ಕೆ ಹೋಗತೊಡಗಿತು. ಇನ್ನೊಂದು ಕಡೆ, ಮೂಲನಿವಾಸಿಗಳು ಮೀನು ಹಿಡಿಯುತ್ತಿದ್ದ ಕೆಟಲ್ ಜಲಪಾತ 1940ರಲ್ಲಿ, ಸೆಲೈಲೊ ಜಲಪಾತ 1957ರಲ್ಲಿ ಹಿನ್ನೀರಿನಲ್ಲಿ ಮುಳುಗಿದವು. 1855ರ ಒಪ್ಪಂದಗಳಲ್ಲಿ ಸರ್ಕಾರವು ಕೊಲಂಬಿಯಾದ ಹಲವು ಬುಡಕಟ್ಟುಗಳಿಗೆ ಅವರ ಎಂದಿನ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮಾನ್ಯ ಮಾಡಿತ್ತು. ಮೀನೇ ಬಾರದಿದ್ದರೆ ಆ ಹಕ್ಕಿಗೆ ಅರ್ಥವಿಲ್ಲ. ಆದ್ದರಿಂದ ಮೀನನ್ನು ದಾಟಿಸುವ ಕೆಲಸ ಕೇವಲ ಮೀನುಗಾರಿಕೆ ಇಲಾಖೆಯ ಕೆಲಸವಾಗಿ ಉಳಿಯಲಿಲ್ಲ.

ಅಣೆಕಟ್ಟಿನಿಂದ ಮೀನಿಗೆ ಆಗುವ ತೊಂದರೆಗಳು

1. ಮೇಲೇರುವ ಮೀನಿಗೆ ಗೋಡೆ ಅಡ್ಡವಾಗುತ್ತದೆ.

2. ಇಳಿಯುವ ಮರಿಗಳು ವಿದ್ಯುತ್ ಉತ್ಪಾದಿಸುವ ಟರ್ಬೈನುಗಳಿಗೆ ಸಿಕ್ಕಿ ರೆಕ್ಕೆಗಳ ಹೊಡೆತದಿಂದಲೂ, ನೀರಿನ ಒತ್ತಡ ಥಟ್ಟನೆ ಬದಲಾಗುವುದರಿಂದಲೂ ಸಾಯುತ್ತವೆ.

3. ಓಡುವ ಹೊಳೆ ನಿಂತ ನೀರಿನ ಜಲಾಶಯವಾಗುವುದರಿಂದ ಮರಿಗಳ ಪಯಣ ನಿಧಾನವಾಗುತ್ತದೆ. ನೀರು ಬಿಸಿಯಾಗುತ್ತದೆ. ತಿನ್ನುವ ಮೀನುಗಳಿಗೂ ಹಕ್ಕಿಗಳಿಗೂ ಮರಿಗಳು ಸುಲಭವಾಗಿ ಸಿಗುತ್ತವೆ.

4. ಕೋಡಿ ಗೇಟುಗಳಿಂದ ನೀರು ಆಳಕ್ಕೆ ಧುಮುಕಿದಾಗ ಗಾಳಿ ನೀರಿನಲ್ಲಿ ಮಿತಿಮೀರಿ ಕರಗುತ್ತದೆ. ಇಂಥ ನೀರಿನಲ್ಲಿರುವ ಮೀನಿನ ರಕ್ತದಲ್ಲಿ ಮತ್ತು ಚರ್ಮದಡಿಯಲ್ಲಿ ಗುಳ್ಳೆಗಳೆದ್ದು ಅದು ಸಾಯಬಹುದು.

ಒಂದೊಂದು ಅಣೆಕಟ್ಟಿನ ನಷ್ಟ ಸಣ್ಣದಾಗಿ ಕಂಡರೂ ಒಟ್ಟು ನಷ್ಟ ದೊಡ್ಡದು. ಉದಾಹರಣೆಗೆ, ಪ್ರತಿ ಅಣೆಕಟ್ಟು ಮತ್ತು ಅದರ ಜಲಾಶಯದಲ್ಲಿ ನೂರಕ್ಕೆ 8 ಮರಿಗಳು ಸಾಯುತ್ತವೆ ಎಂದಿಟ್ಟುಕೊಳ್ಳೋಣ. ಎಂಟನೆಯ ಅಣೆಕಟ್ಟನ್ನು ದಾಟುವ ವೇಳೆಗೆ ನೂರರಲ್ಲಿ 51 ಮಾತ್ರ ಉಳಿಯುತ್ತವೆ. ಸ್ನೇಕ್ ನದಿಯ ಚಿನೂಕ್ ಮರಿಗಳಲ್ಲಿ ಹಲವು ವರ್ಷಗಳ ಎಣಿಕೆಯಲ್ಲಿ ಕಂಡುಬಂದಿರುವುದೂ ಸುಮಾರು ಇಷ್ಟೇ. ಬರಗಾಲದ ವರ್ಷಗಳಲ್ಲಿ ನಷ್ಟ ಇನ್ನೂ ಹೆಚ್ಚು.

ಮೇಲೇರುವ ಮೀನನ್ನು ಹಿಡಿದು ಸಾಗಿಸುವುದು

ಬಾನವಿಲ್ ಅಣೆಕಟ್ಟಿನಲ್ಲಿ ಮೀನಿಗಾಗಿ ಮೆಟ್ಟಿಲುಗಳನ್ನು ಕಟ್ಟಿದರು. ಒಂದಕ್ಕಿಂತ ಒಂದು ಸುಮಾರು ಒಂದು ಅಡಿ ಎತ್ತರವಿರುವ ತೊಟ್ಟಿಗಳ ಸಾಲಿನಲ್ಲಿ ನೀರು ಇಳಿಯುತ್ತಿರುತ್ತದೆ. ಮೀನು ತೊಟ್ಟಿಯಿಂದ ತೊಟ್ಟಿಗೆ ಏರುತ್ತದೆ. ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳಲ್ಲಿಯೂ ಇಂಥ ಮೆಟ್ಟಿಲುಗಳಿವೆ. ಆದರೆ ಗ್ರ್ಯಾಂಡ್ ಕೂಲಿಯಂಥ ಅತಿ ಎತ್ತರದ ಅಣೆಕಟ್ಟಿಗೆ ಮೆಟ್ಟಿಲು ಕಟ್ಟಲಿಲ್ಲ. ಅಲ್ಲಿ ಲಾರಿಯ ಮೊರೆ ಹೋಗಬೇಕಾಯಿತು. 1939ರಿಂದ 1943ರವರೆಗೆ ಕೆಳಗಿನ ರಾಕ್ ಐಲೆಂಡ್ ಅಣೆಕಟ್ಟಿನಲ್ಲಿ ಮೀನುಗಳನ್ನು ಹಿಡಿದು, ನೀರಿನ ಟ್ಯಾಂಕುಗಳಿರುವ ಲಾರಿಗಳಲ್ಲಿ ತುಂಬಿ, ವೆನಾಚಿ, ಎಂಟಿಯಾಟ್, ಮೆಥೊ, ಒಕನಾಗನ್ ಎಂಬ ಉಪನದಿಗಳಿಗೆ ಸಾಗಿಸಿದರು. ತಮ್ಮ ತವರಿಗೆ ಹೋಗಲಾರದ ಮೀನಿಗೆ ಬೇರೆ ತವರನ್ನು ತೋರಿಸಿದ ಹಾಗಾಯಿತು. ಮೇಲಿನ ನದಿಯ ಮೂಲನಿವಾಸಿಗಳಿಗೆ ಮಾತ್ರ ಮೀನು ತಪ್ಪಿಹೋಯಿತು. ಎಂಬತ್ತು ವರ್ಷಗಳ ಮೇಲೆ, 2019ರಲ್ಲಿ, ಕಾಲ್ವಿಲ್ ಬುಡಕಟ್ಟಿನ ಜನ ದೊಡ್ಡ ಸಾಲ್ಮನ್‌ಗಳನ್ನು ಲಾರಿಯಲ್ಲಿ ತಂದು ಗ್ರ್ಯಾಂಡ್ ಕೂಲಿಯ ಹಿನ್ನೀರಿಗೆ ಬಿಟ್ಟರು. ಮೊದಲು ಮೀನನ್ನು ದೂರ ಒಯ್ದದ್ದೂ ಲಾರಿ, ಮರಳಿ ತಂದದ್ದೂ ಲಾರಿ.

ಹಿಡಿಯುವ ಏರ್ಪಾಡು ಸಾಮಾನ್ಯವಾಗಿ ಹೀಗಿರುತ್ತದೆ:

1. ನದಿಗೆ ಅಡ್ಡಲಾಗಿ ತಗ್ಗಾದ ತಡೆಯೊಡ್ಡು ಹಾಕಿ, ಅದರ ಒಂದು ಬದಿಯಲ್ಲಿ ಪ್ರವೇಶದ್ವಾರ ಇಡುತ್ತಾರೆ. ದ್ವಾರದಿಂದ ನೀರು ರಭಸವಾಗಿ ಹೊರಬರುವಂತೆ ಮಾಡುತ್ತಾರೆ. ಎದುರು ಹರಿವನ್ನು ಹುಡುಕುವುದು ಮೀನಿನ ಸ್ವಭಾವವಾದ್ದರಿಂದ ಅದು ತಾನಾಗಿಯೇ ಒಳಗೆ ಬರುತ್ತದೆ. ಈ ಹರಿವು ಸಾಲದಾದರೆ ಉಳಿದ ಏರ್ಪಾಡೆಲ್ಲ ವ್ಯರ್ಥ.

2. ಕೆಲವು ಮೆಟ್ಟಿಲುಗಳನ್ನು ಏರಿದ ಮೀನು ಒಂದು ತೊಟ್ಟಿಗೆ ಬೀಳುತ್ತದೆ. ಸರಿಸುವ ಜಾಲರಿಯಿಂದ ಮೀನುಗಳನ್ನು ಮೆಲ್ಲನೆ ಒಂದು ಮೂಲೆಗೆ ಕೂಡಿಸುತ್ತಾರೆ.

3. ಜಾತಿ, ಗಾತ್ರ, ಗುರುತು ನೋಡಿ ಬೇರ್ಪಡಿಸುತ್ತಾರೆ. ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದ ಮರಿಗಳ ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆಯನ್ನು ಸಾಮಾನ್ಯವಾಗಿ ಕತ್ತರಿಸಿ ಬಿಡುವುದರಿಂದ ಅವನ್ನು ಗುರುತಿಸುವುದು ಸುಲಭ.

4. ನೀರು ಸಹಿತ ಮೀನನ್ನು ದೊಡ್ಡ ಬಕೆಟ್ಟಿನಂಥ ಪಾತ್ರೆಯಲ್ಲಿ ಎತ್ತಿ ಲಾರಿಯ ಟ್ಯಾಂಕಿಗೆ ಇಳಿಸುತ್ತಾರೆ. ಹೊಸ ಕೇಂದ್ರಗಳಲ್ಲಿ ಮೀನು ಆದಷ್ಟು ನೀರಿನಿಂದ ನೀರಿಗೇ ಹೋಗುವಂತೆ ಎಚ್ಚರ ವಹಿಸುತ್ತಾರೆ. ಕೈ ತಗುಲಿದಷ್ಟೂ ಮೈಮೇಲಿನ ಲೋಳೆ ಹೋಗಿ ಬೂಷ್ಟು ರೋಗಕ್ಕೆ ದಾರಿಯಾಗುತ್ತದೆ.

ವಾಷಿಂಗ್ಟನ್ ರಾಜ್ಯದ ಬೇಕರ್ ನದಿ ಈ ವಿಧಾನದ ಒಳ್ಳೆಯ ಉದಾಹರಣೆ. ಅಲ್ಲಿ ಕೆಳಗಿನ ಅಣೆಕಟ್ಟು 1925ರಲ್ಲಿಯೂ, ಮೇಲಿನದು 1959ರಲ್ಲಿಯೂ ಆಯಿತು. 1985ರಲ್ಲಿ ಮರಳಿ ಬಂದ ಸಾಕೈ ಮೀನುಗಳು ಬರೀ 99. ಅನಂತರ ಮೊಟ್ಟೆಯಿಡುವ ಸ್ಥಳ, ಮರಿ ಸಾಕಣೆ ಮತ್ತು ಸಾಗಣೆ ಈ ಮೂರನ್ನೂ ಸುಧಾರಿಸಲಾಯಿತು. ಮರಿಗಳನ್ನು ಹಿಡಿಯುವ ತೇಲುವ ಕೇಂದ್ರವನ್ನು ಮೇಲಿನ ಜಲಾಶಯದಲ್ಲಿ 2008ರಲ್ಲಿ, ಕೆಳಗಿನದರಲ್ಲಿ 2013ರಲ್ಲಿ ಸ್ಥಾಪಿಸಿದರು. ಈಗ ಒಳ್ಳೆಯ ವರ್ಷಗಳಲ್ಲಿ ಹತ್ತಾರು ಸಾವಿರ ಮೀನುಗಳು ಮರಳುತ್ತಿವೆ.

ಇಳಿಯುವ ಮರಿಗಳ ಸಂಗ್ರಹಣೆ

ಏರುವ ಮೀನಿಗಿಂತ ಇಳಿಯುವ ಮರಿಯನ್ನು ಹಿಡಿಯುವುದು ಕಷ್ಟ. ಮರಿ ಬೆರಳುದ್ದದ್ದು, ಜಲಾಶಯ ಮೈಲಿಗಟ್ಟಲೆ ಹರಡಿದ್ದು. ಇಲ್ಲಿಯೂ ಮೀನಿನ ಸ್ವಭಾವವನ್ನೇ ನಂಬಬೇಕು. ಮರಿಗಳು ಸಾಮಾನ್ಯವಾಗಿ ನೀರಿನ ಮೇಲ್ಪದರದಲ್ಲಿ, ಹರಿವು ಇರುವ ಕಡೆ ಸಾಗುತ್ತವೆ.

ಸ್ನೇಕ್ ನದಿಯ ಸಂಗ್ರಹ ಅಣೆಕಟ್ಟುಗಳಲ್ಲಿ ಟರ್ಬೈನಿಗೆ ನೀರು ನುಗ್ಗುವ ಬಾಯಿಯ ಮೇಲ್ಭಾಗದಲ್ಲಿ ಓರೆಯಾಗಿ ದೊಡ್ಡ ಜರಡಿಗಳನ್ನು ಇಳಿಬಿಟ್ಟಿರುತ್ತಾರೆ. ನೀರಿನ ಜೊತೆ ಬಂದ ಮರಿಗಳಲ್ಲಿ ಹೆಚ್ಚಿನವು ಜರಡಿಗೆ ತಾಗಿ ಮೇಲಕ್ಕೆ ತಿರುಗಿ, ಗೇಟಿನ ಬಾವಿಯೊಳಗೆ ಬರುತ್ತವೆ. ಅಲ್ಲಿಂದ ಸಣ್ಣ ಕಿಂಡಿಗಳ ಮೂಲಕ ಅಣೆಕಟ್ಟಿನೊಳಗಿನ ಕಾಲುವೆಗೆ, ಕಾಲುವೆಯಿಂದ ದೋಣಿ ಕೊಳವೆಯಲ್ಲಿ ಕೆಳಗಿನ ಕೇಂದ್ರಕ್ಕೆ ಹರಿದುಬರುತ್ತವೆ. ಕಂಬಿಗಳ ಜರಡಿ ಸಣ್ಣ ಮರಿಗಳನ್ನೂ ದೊಡ್ಡ ಮೀನು ಮತ್ತು ಕಸವನ್ನೂ ಬೇರೆ ಮಾಡುತ್ತದೆ. ಮರಿಗಳು ಹರಿನೀರಿನ ಉದ್ದ ತೊಟ್ಟಿಗಳಲ್ಲಿ ಸಾಗಣೆಗಾಗಿ ಕಾಯುತ್ತವೆ.

ಆಳವಾದ ಜಲಾಶಯಗಳಲ್ಲಿ ತೇಲುವ ಸಂಗ್ರಹ ಕೇಂದ್ರ ಬಳಸುತ್ತಾರೆ. ದಡದಿಂದ ದಡಕ್ಕೆ ಕಟ್ಟಿದ ಬಲೆಗಳು ಮರಿಗಳನ್ನು ಕೇಂದ್ರದ ಬಾಯಿಗೆ ನಡೆಸುತ್ತವೆ. ಪಂಪುಗಳು ಕೃತಕವಾಗಿ ಹೊಳೆಯ ಸೆಳೆತವನ್ನು ಉಂಟುಮಾಡುತ್ತವೆ. ಬೇಕರ್ ನದಿಯಲ್ಲಿರುವುದು ಈ ಬಗೆಯದು.

ಸೆಳೆತವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆರಿಗಾನ್ ರಾಜ್ಯದ ಡೆಶೂಟ್ಸ್ ನದಿ ಸಾಕ್ಷಿ. ಅಲ್ಲಿಯ ರೌಂಡ್ ಬಟ್ ಅಣೆಕಟ್ಟು 1964ರಲ್ಲಿ ಸಿದ್ಧವಾದಾಗ ಮೀನು ದಾಟಿಸುವ ಏರ್ಪಾಡೂ ಇತ್ತು. ಆದರೆ ಜಲಾಶಯದ ಮೇಲ್ಪದರದ ನೀರು ಸುತ್ತಿ ಸುಳಿದು ಬೇರೆ ಕಡೆ ತಿರುಗುತ್ತಿದ್ದುದರಿಂದ ಮರಿಗಳು ದಾರಿ ತಪ್ಪಿದವು. 1968ರಲ್ಲಿ ಆ ಪ್ರಯತ್ನವನ್ನೇ ಕೈಬಿಡಲಾಯಿತು. ನಾಲ್ಕು ದಶಕಗಳ ನಂತರ, 2009ರಲ್ಲಿ, ಮೇಲ್ಪದರದಿಂದಲೂ ತಳದಿಂದಲೂ ಬೇಕಾದಂತೆ ನೀರು ಎಳೆಯುವ ಗೋಪುರ ಕಟ್ಟಿ ಹರಿವನ್ನು ಅಣೆಕಟ್ಟಿನ ಕಡೆ ತಿರುಗಿಸಿದ ಮೇಲೆ ಮರಿಗಳು ಸಂಗ್ರಹ ಕೇಂದ್ರಕ್ಕೆ ಬರತೊಡಗಿದವು.

ಲಾರಿ ಮತ್ತು ದೋಣಿ

ಸ್ನೇಕ್ ನದಿಯಲ್ಲಿ ಮರಿಗಳನ್ನು ಲಾರಿಯಲ್ಲಿ ಸಾಗಿಸುವ ಪ್ರಯೋಗ 1968ರಲ್ಲಿ ಐಸ್ ಹಾರ್ಬರ್‌ನಲ್ಲಿ ಮೊದಲಾಯಿತು. 1977ರ ತೀವ್ರ ಬರಗಾಲದಲ್ಲಿ ದೋಣಿಗಳನ್ನೂ ಬಳಕೆಗೆ ತರಲಾಯಿತು. 1981ರಿಂದ ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವು ಇದನ್ನು ವರ್ಷಂಪ್ರತಿ ನಡೆಯುವ ಕಾರ್ಯಕ್ರಮವಾಗಿ ಮಾಡಿತು.

ಈ ದೋಣಿಗೆ ಬಾರ್ಜು ಎಂದು ಹೆಸರು. ಚಪ್ಪಟೆ ತಳದ ಸರಕು ದೋಣಿಯೊಳಗೆ ದೊಡ್ಡ ನೀರಿನ ಕೋಣೆಗಳಿದ್ದು, ಪಂಪುಗಳು ನದಿಯ ನೀರನ್ನು ಒಂದೇ ಸಮನೆ ಒಳಗೆ ತಂದು ಹೊರಗೆ ಬಿಡುತ್ತಿರುತ್ತವೆ. ಹೀಗೆ ಮಾಡುವುದರಿಂದ ಆಮ್ಲಜನಕ ಒದಗುತ್ತದೆ. ದಾರಿಯುದ್ದಕ್ಕೂ ನದಿಯ ನೀರಿನ ವಾಸನೆಯೂ ಮರಿಗಳಿಗೆ ಸಿಗುತ್ತದೆ. ಇನ್ನೊಂದು ದೋಣಿ ಇದನ್ನು ತಳ್ಳಿಕೊಂಡು ಹೋಗುತ್ತದೆ. ಲೋಯರ್ ಗ್ರಾನಿಟ್‌ನಿಂದ ಬಾನವಿಲ್‌ನ ಕೆಳಗಿನವರೆಗೆ ಸುಮಾರು 460 ಕಿ.ಮೀ. ದೂರವನ್ನು ಒಂದೂವರೆ ದಿನದಲ್ಲಿ ಮುಗಿಸುತ್ತಾರೆ. ಗೋಧಿ ತುಂಬಿದ ದೋಣಿಗಳನ್ನು ಇಳಿಸುವ ಲಾಕ್ ಕೋಣೆಗಳೇ ಮೀನಿನ ದೋಣಿಯನ್ನೂ ಇಳಿಸುತ್ತವೆ. ಎಂಟನೆಯ ಅಣೆಕಟ್ಟು ದಾಟಿದ ಮೇಲೆ ತಳದ ಬಾಗಿಲು ತೆರೆದು ಮರಿಗಳನ್ನು ಹೊಳೆಗೆ ಬಿಡುತ್ತಾರೆ. ಮರಿಗಳು ಕಡಿಮೆಯಿರುವ ದಿನಗಳಲ್ಲಿ ಲಾರಿ ಬಳಸುತ್ತಾರೆ.

ಸಾಗಣೆಯಲ್ಲಿ ಪಾಲಿಸುವ ಮುಖ್ಯ ನಿಯಮಗಳು ಇವು:

1. ಒತ್ತಾಗಿ ತುಂಬಬಾರದು. ಲಾರಿ ಟ್ಯಾಂಕಿನಲ್ಲಿ ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಮೀನು ಗರಿಷ್ಠ ಮಿತಿ.

2. ನೀರು ತಣ್ಣಗಿರಬೇಕು. ಶಾಖ ಏರಿದಂತೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಮೀನಿನ ಅಗತ್ಯವೋ ಏರುತ್ತದೆ. 20 ಡಿಗ್ರಿ ಸೆಂಟಿಗ್ರೇಡ್ ಮೀರಿದರೆ ಸಾಲ್ಮನ್‌ಗೆ ಅಪಾಯ.

3. ಬಿಡುವ ಮುನ್ನ ಟ್ಯಾಂಕಿನ ನೀರಿಗೂ ನದಿಯ ನೀರಿಗೂ ಇರುವ ಶಾಖದ ವ್ಯತ್ಯಾಸ ನೋಡಬೇಕು.

4. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಬಿಡಬಾರದು. ಹಾಗೆ ಮಾಡಿದರೆ ಹಕ್ಕಿಗಳೂ ದೊಡ್ಡ ಮೀನುಗಳೂ ಅಲ್ಲಿ ಕಾಯುವುದನ್ನು ಕಲಿಯುತ್ತವೆ.

ಲಾಭವನ್ನು ಎಣಿಸುವ ಬಗೆ

ದೋಣಿಯಲ್ಲಿ ಹೋದ ನೂರು ಮರಿಗಳಲ್ಲಿ 98ಕ್ಕೂ ಹೆಚ್ಚು ಜೀವಂತವಾಗಿ ಬಾನವಿಲ್‌ನ ಕೆಳಗೆ ಮುಟ್ಟುತ್ತವೆ. ಹೊಳೆಯಲ್ಲಿ ಈಜಿದವುಗಳಲ್ಲಿ ಅರ್ಧ ಮಾತ್ರ ಮುಟ್ಟುತ್ತವೆ. ಇಷ್ಟನ್ನು ನೋಡಿದರೆ ಎಲ್ಲ ಮರಿಗಳನ್ನೂ ದೋಣಿಯಲ್ಲಿಯೇ ಕಳಿಸಬೇಕು ಎನ್ನಿಸುವುದು ಸಹಜ. ಬಹುಕಾಲ ಹಾಗೆಯೇ ವಾದಿಸಿದವರೂ ಇದ್ದರು.

ಆದರೆ ನಾಟಿ ಮಾಡಿದ ಸಸಿಗಳನ್ನು ಎಣಿಸಿ ಯಾವ ರೈತನೂ ಫಸಲಿನ ಲೆಕ್ಕ ಬರೆಯುವುದಿಲ್ಲ. ಕಣಕ್ಕೆ ಬಂದದ್ದನ್ನು ಅಳೆಯುತ್ತಾನೆ. ಇಲ್ಲಿಯೂ ಎಷ್ಟು ಮರಿ ಬಿಟ್ಟೆವು ಎಂಬುದಲ್ಲ, ಎಷ್ಟು ಮೀನು ಮರಳಿ ಬಂದವು ಎಂಬುದೇ ಲೆಕ್ಕ. ಇದನ್ನು ತಿಳಿಯಲು 1987ರಿಂದ ಈ ನದಿಯಲ್ಲಿ ಒಂದು ಸಾಧನ ಬಳಕೆಗೆ ಬಂದಿತು. ಅಕ್ಕಿಕಾಳಿನಷ್ಟು ಗಾತ್ರದ, 12 ಮಿ.ಮೀ. ಉದ್ದದ ಗಾಜಿನ ಗುರುತುಕಡ್ಡಿಯನ್ನು ಸೂಜಿಯಿಂದ ಮರಿಯ ಹೊಟ್ಟೆಯೊಳಗೆ ಸೇರಿಸುತ್ತಾರೆ. ಇದರಲ್ಲಿ ಬ್ಯಾಟರಿ ಇಲ್ಲ. ಅಣೆಕಟ್ಟಿನ ಕೊಳವೆ ಅಥವಾ ಮೆಟ್ಟಿಲಿನಲ್ಲಿರುವ ಆಂಟೆನಾದ ಬಳಿ ಮೀನು ಹಾದಾಗ ಅದರ ಸಂಖ್ಯೆ ದಾಖಲಾಗುತ್ತದೆ. ಹೀಗೆ ದೋಣಿಯಲ್ಲಿ ಹೋದದ್ದು ಯಾವುದು, ಈಜಿ ಹೋದದ್ದು ಯಾವುದು, ಕೆಲವು ವರ್ಷಗಳ ಮೇಲೆ ಮರಳಿದ್ದು ಯಾವುದು ಎಂಬುದು ಒಂದೊಂದಾಗಿ ತಿಳಿಯುತ್ತದೆ.

ಈ ಎಣಿಕೆಯಿಂದ ತಿಳಿದುಬಂದ ಸಂಗತಿಗಳು:

1. ದೋಣಿಯಲ್ಲಿ ಹೋದ ಮರಿಗಳು ಬಿಟ್ಟ ನಂತರ, ಈಜಿ ಬಂದ ಮರಿಗಳಿಗಿಂತ ಹೆಚ್ಚಾಗಿ ಸಾಯುವುದುಂಟು. ಒತ್ತಾಗಿ ಇರುವುದರಿಂದ ಆಗುವ ಬಳಲಿಕೆ, ಒಂದರಿಂದ ಇನ್ನೊಂದಕ್ಕೆ ಹರಡುವ ರೋಗ, ಕಾಲಕ್ಕೆ ಮುಂಚೆಯೇ ಸಮುದ್ರ ಮುಟ್ಟುವುದು ಇದಕ್ಕೆ ಕಾರಣಗಳೆಂದು ಭಾವಿಸಲಾಗಿದೆ. ಈಜುವ ಮರಿ ವಾರಗಟ್ಟಲೆ ತೆಗೆದುಕೊಳ್ಳುವ ದಾರಿಯನ್ನು ದೋಣಿ ಎರಡು ದಿನದೊಳಗೆ ಮುಗಿಸುತ್ತದೆ.

2. ಲಾಭ ಋತುವಿಗನುಗುಣವಾಗಿ ಬದಲಾಗುತ್ತದೆ. ಏಪ್ರಿಲ್ ಆರಂಭದಲ್ಲಿ ಸಾಗಿಸಿದರೆ ಲಾಭ ಕಡಿಮೆ. ಮೇ ತಿಂಗಳಲ್ಲಿ, ಅದರಲ್ಲಿಯೂ ಸ್ಟೀಲ್‌ಹೆಡ್‌ಗೆ, ಲಾಭ ಹೆಚ್ಚು.

3. ನೀರು ಕಡಿಮೆಯಿರುವ ವರ್ಷ ಸಾಗಣೆ ಬಹಳ ಉಪಯುಕ್ತ. 2001ರ ಬರಗಾಲದಲ್ಲಿ ಹೊಳೆಯಲ್ಲಿ ಉಳಿದ ಸ್ಟೀಲ್‌ಹೆಡ್ ಮರಿಗಳಲ್ಲಿ ಬದುಕಿದ್ದು ಬಹಳ ಕಡಿಮೆ. ದೋಣಿಯಲ್ಲಿ ಹೋದವುಗಳೇ ಆ ವರ್ಷದ ತಳಿಯನ್ನು ಉಳಿಸಿದವು.

4. ದೋಣಿಯಲ್ಲಿ ಹೋದ ಮೀನು ಮರಳುವಾಗ ದಾರಿ ತಪ್ಪುವುದು ಹೆಚ್ಚು. ಇಳಿಯುವಾಗ ದಾರಿಯ ಗುರುತುಗಳನ್ನು ಸರಿಯಾಗಿ ಹಿಡಿಯಲು ಸಮಯವಿಲ್ಲದಿರುವುದೇ ಕಾರಣ. ಸ್ನೇಕ್ ನದಿಯ ಸ್ಟೀಲ್‌ಹೆಡ್‌ಗಳು ಡೆಶೂಟ್ಸ್, ಜಾನ್ ಡೇ ನದಿಗಳಿಗೆ ನುಗ್ಗಿರುವುದು ಕಂಡುಬಂದಿದೆ.

ಆದ್ದರಿಂದ ಎಲ್ಲ ಮರಿಗಳನ್ನೂ ಒಂದೇ ದಾರಿಗೆ ಹಚ್ಚದೆ, ಕೆಲವನ್ನು ದೋಣಿಯಲ್ಲಿ ಕಳಿಸಿ ಕೆಲವನ್ನು ಹೊಳೆಯಲ್ಲಿಯೇ ಬಿಡುವ ಕ್ರಮ ಬಂದಿತು. ಇಡೀ ಜಮೀನಿಗೆ ಒಂದೇ ಬೆಳೆ ಹಾಕದಿರುವ ಎಚ್ಚರವೇ ಇದು. ಹೊಳೆಯಲ್ಲಿ ಬಿಟ್ಟ ಮರಿಗಳಿಗಾಗಿ ವಸಂತಕಾಲದಲ್ಲಿ ಕೋಡಿಯ ಮೇಲೆ ಹೆಚ್ಚು ನೀರು ಬಿಡುತ್ತಾರೆ. ಮೇಲ್ಪದರದ ನೀರಿನಲ್ಲಿಯೇ ಮರಿಗಳು ಜಾರಿಹೋಗುವಂಥ ವಿಶೇಷ ಕೋಡಿಯನ್ನು 2001ರಲ್ಲಿ ಲೋಯರ್ ಗ್ರಾನಿಟ್‌ನಲ್ಲಿ ಅಳವಡಿಸಲಾಯಿತು.

ಇಷ್ಟಾದರೂ ಸ್ನೇಕ್ ನದಿಯ ಕಾಡುತಳಿಯ ವಸಂತ ಚಿನೂಕ್ ಇನ್ನೂ ಚೇತರಿಸಿಕೊಂಡಿಲ್ಲ. ನೂರು ಮರಿಗಳು ಹೋದರೆ ಕನಿಷ್ಠ 2, ಸರಾಸರಿ 4 ದೊಡ್ಡ ಮೀನುಗಳು ಮರಳಬೇಕೆಂಬುದು ಗುರಿ. ಹೆಚ್ಚಿನ ವರ್ಷಗಳಲ್ಲಿ ಆ 2ನ್ನೂ ಮುಟ್ಟಿಲ್ಲ. ನಾಲ್ಕು ಅಣೆಕಟ್ಟುಗಳನ್ನು ಒಡೆಯಬೇಕೆನ್ನುವವರೂ, ಗೋಧಿ ಸಾಗಣೆ ಮತ್ತು ವಿದ್ಯುತ್ತಿಗೆ ಅವು ಬೇಕೆನ್ನುವವರೂ ಹಲವು ವರ್ಷಗಳಿಂದ ವಾದಿಸುತ್ತಿದ್ದಾರೆ. ಇದೇ ಪಶ್ಚಿಮ ಕರಾವಳಿಯ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ತೆಗೆದುಹಾಕುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಚಿನೂಕ್ ಮೀನುಗಳು ಹಳೆಯ ಅಣೆಕಟ್ಟಿನ ಜಾಗ ದಾಟಿ ಮೇಲೇರಿದವು.

ರೆಡ್‌ಫಿಷ್ ಸರೋವರದ ಮೀನು

ಐಡಹೊ ರಾಜ್ಯದಲ್ಲಿ ಸುಮಾರು 6,500 ಅಡಿ ಎತ್ತರದಲ್ಲಿ, ಸಮುದ್ರದಿಂದ 1,450 ಕಿ.ಮೀ. ದೂರದಲ್ಲಿ ರೆಡ್‌ಫಿಷ್ ಎಂಬ ಸರೋವರವಿದೆ. ಮೊಟ್ಟೆಯಿಡಲು ಬರುವ ಸಾಕೈ ಮೀನಿನ ಕೆಂಪು ಬಣ್ಣದಿಂದ ಈ ಹೆಸರು ಬಂದಿದೆ. 1991ರಲ್ಲಿ ಸ್ನೇಕ್ ನದಿಯ ಸಾಕೈಯನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಲಾಯಿತು. 1992ರಲ್ಲಿ ಸರೋವರಕ್ಕೆ ಮರಳಿ ಬಂದದ್ದು ಒಂದೇ ಒಂದು ಗಂಡು ಮೀನು. ಜನ ಅದಕ್ಕೆ ‘ಒಂಟಿ ಲ್ಯಾರಿ’ ಎಂದು ಹೆಸರಿಟ್ಟರು. 1991ರಿಂದ 1998ರವರೆಗಿನ ಎಂಟು ವರ್ಷಗಳಲ್ಲಿ ಬಂದವು ಒಟ್ಟು 16. ಅವುಗಳನ್ನೇ ಹಿಡಿದು, ಸಾಕಿ, ತಳಿ ಬೆಳೆಸಿ, ಮರಿಗಳನ್ನು ಬಿಡುತ್ತ ಬಂದುದರಿಂದ 2014ರಲ್ಲಿ 1,500ಕ್ಕೂ ಹೆಚ್ಚು ಮೀನುಗಳು ಮರಳಿದವು.

ಮರುವರ್ಷವೇ, 2015ರ ಬೇಸಿಗೆಯಲ್ಲಿ, ನದಿಯ ನೀರು ಅತಿಯಾಗಿ ಕಾದು ಕೊಲಂಬಿಯಾದಲ್ಲಿ ಮೇಲೇರುತ್ತಿದ್ದ ಸಾಕೈ ಮೀನುಗಳು ಲಕ್ಷಗಟ್ಟಲೆ ಸತ್ತವು. ಆಗ ಲೋಯರ್ ಗ್ರಾನಿಟ್ ಅಣೆಕಟ್ಟಿನಲ್ಲಿ ಸಿಕ್ಕಿದ ಸಾಕೈ ಮೀನುಗಳನ್ನು ಹಿಡಿದು, ತಣ್ಣೀರಿನ ಲಾರಿಯಲ್ಲಿ ಐಡಹೊದ ಈಗಲ್ ಸಾಕಣೆ ಕೇಂದ್ರಕ್ಕೆ ಒಯ್ದು ಉಳಿಸಿದರು. ಅಂದು ಲಾರಿ ಇಲ್ಲದಿದ್ದರೆ ಆ ವರ್ಷ ಮೊಟ್ಟೆಗೆ ಸಿಗುವ ಮೀನುಗಳು ಇನ್ನೂ ಕಡಿಮೆಯಾಗುತ್ತಿದ್ದವು. ಅಂದರೆ ಸಾಗಣೆ ಆಪತ್ಕಾಲದ ಔಷಧಿ. ಅದು ಮೀನನ್ನು ಬದುಕಿಸಿಕೊಡುತ್ತದೆ. ಹೊಳೆಯ ಕೆಲಸವನ್ನು ಪೂರ್ತಿ ಮಾಡಲಾರದು.

ನಮ್ಮಲ್ಲಿ

ಅಣೆಕಟ್ಟಿನಿಂದ ವಲಸೆ ಮೀನಿನ ದಾರಿ ಮುಚ್ಚಿದ ಉದಾಹರಣೆಗಳು ನಮ್ಮ ದೇಶದಲ್ಲಿಯೂ ಇವೆ. ಸಮುದ್ರದಿಂದ ಕಾವೇರಿಗೆ ಏರುತ್ತಿದ್ದ ಹಿಲ್ಸಾ ಮೀನಿನ ಮೇಲ್ದಾರಿ 1934ರ ಮೆಟ್ಟೂರು ಅಣೆಕಟ್ಟಿನಿಂದ ಮುಚ್ಚಿತು. ಗಂಗೆಯಲ್ಲಿ 1975ರ ಫರಕ್ಕಾ ಬ್ಯಾರೇಜಿನ ನಂತರ ಮೇಲಿನ ಊರುಗಳಲ್ಲಿ ಹಿಲ್ಸಾ ಬಹಳ ಕಡಿಮೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಹಿಲ್ಸಾಗಳನ್ನು ಹಿಡಿದು ಫರಕ್ಕಾದ ಮೇಲ್ಭಾಗದಲ್ಲಿ ಬಿಡುವ, ಕೆಲವಕ್ಕೆ ಗುರುತು ಹಾಕುವ ಕೆಲಸ ಮಾಡುತ್ತಿದೆ.

ಕೆರೆಗಳಿಗೆ ಮೀನುಮರಿ ತಂದು ಬಿಡುವ ನಮ್ಮ ರೈತರು ಗಮನಿಸಬೇಕಾದ ಅಂಶಗಳು ಇವು:

1. ಸಾಗಿಸುವ ಮುನ್ನ ಮರಿಗಳನ್ನು ಕೆಲವು ಗಂಟೆ ಆಹಾರವಿಲ್ಲದೆ ಹಾಪಾ ಬಲೆಯಲ್ಲಿಟ್ಟು ಹೊಟ್ಟೆ ಖಾಲಿಯಾಗಲು ಬಿಡಬೇಕು. ಇಲ್ಲದಿದ್ದರೆ ಅವುಗಳ ಮಲದಿಂದಲೇ ಚೀಲದ ನೀರು ಕೆಡುತ್ತದೆ.

2. ಪಾಲಿಥೀನ್ ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದ ಭಾಗ ಆಮ್ಲಜನಕ ಇರಬೇಕು. ಹೆಚ್ಚು ಮರಿ ತುಂಬುವ ಆಸೆಗೆ ಬೀಳಬಾರದು.

3. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಸಾಗಿಸಬೇಕು.

4. ಚೀಲವನ್ನು ಕೆರೆಯ ನೀರಿನಲ್ಲಿ 15ರಿಂದ 20 ನಿಮಿಷ ತೇಲಬಿಟ್ಟು, ಒಳಹೊರಗಿನ ಶಾಖ ಸಮವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೆರೆಯ ನೀರು ಸೇರಿಸಿ, ಮರಿಗಳು ತಾವಾಗಿಯೇ ಹೊರಗೆ ಈಜಿಹೋಗಲು ಬಿಡಬೇಕು.

5. ಎಷ್ಟು ಮರಿ ಬಿಟ್ಟಿರೆಂದು ಬರೆದಿಟ್ಟುಕೊಂಡು, ಮೀನು ಹಿಡಿದಾಗ ಎಷ್ಟು ಬಂದವೆಂದು ತಾಳೆ ನೋಡಬೇಕು. ಈ ಎರಡು ಸಂಖ್ಯೆಗಳಿಲ್ಲದೆ ನಷ್ಟ ಎಲ್ಲಿ ಆಯಿತೆಂದು ತಿಳಿಯುವುದಿಲ್ಲ.

ಕೊನೆಯ ಈ ಅಂಶವೇ ಕೊಲಂಬಿಯಾದ ಅನುಭವದ ಸಾರ. ಲೋಯರ್ ಗ್ರಾನಿಟ್‌ನ ದೋಣಿಗಳು ಅರ್ಧ ಶತಮಾನದಷ್ಟು ಕಾಲ ಕೋಟಿಗಟ್ಟಲೆ ಮರಿಗಳನ್ನು ಜೀವಂತವಾಗಿ ಮುಟ್ಟಿಸಿವೆ. ಆ ಕೆಲಸ ಎಷ್ಟು ಫಲ ಕೊಟ್ಟಿತೆಂಬುದು ಗೊತ್ತಾದದ್ದು ಮಾತ್ರ, ಮೆಟ್ಟಿಲನ್ನೇರಿ ಮರಳಿ ಬಂದ ಮೀನುಗಳನ್ನು ಒಂದೊಂದಾಗಿ ಎಣಿಸಿದ ಮೇಲೆ.